ಗೌಡ್ರ ಮೊಮ್ಮಗನ ಹೆಗಲು

“ಏನ್ ಗೌಡ್ರೇ, ಮೊಮ್ಮಗ ಕಾಣ್ತಿಲ್ಲ?” ಅಂದೆ ಬೇಲಿ ಮೇಲಿಂದ.

“ನ್ಯಾಮತಿಲಿ ಟೂರ್ನಮೆಂಟಂತೆ, ಮುಂದಿನ ಭಾನುವಾರ ಜಗಳೂರಂತೆ. ಹೊನ್ನಾಳಿಯಿಂದ ಬಂದ ರಾತ್ರಿ ಹೆಗಲಿಗೆ ಎಣ್ಣೆ ತಿಕ್ಕಿಸ್ಕೊಂಡ. ಬೆಳಗ್ಗೆ ನೋಡಿದ್ರೆ ಕೈ ಮೇಲಕ್ಕೇ ಏಳ್ತಿಲ್ಲ. ಆದ್ರೂ ಹೋದ.”

ಹುಡುಗನಿಗೆ 14. ದಾವಣಗೆರೆಯ ವಿನಯ್ ಕುಮಾರ್ 2013-14, 2014-15 ಎರಡೂ ಸಲ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ಕಥೆ ಇವನಿಗೆ ಬಾಯಿಪಾಠ.

“ಎಷ್ಟು ಎಸೀತಾನೆ?”

“ಎರಡೇ ಓವರು ಅಂತಾನಪ್ಪ.”

ಅಲ್ಲೇ ಇರೋದು ಮೋಸ. ಓವರು ಸ್ಕೋರರ್ ಎಣಿಸ್ತಾನೆ. ಬೌಂಡ್ರಿಯಿಂದ ಕೀಪರ್ ಕೈಗೆ ಬೀಸಿದ್ದನ್ನ ಎಣಿಸೋರು ಯಾರು? ಬೌಲಿಂಗಿಗೆ ಮೊಣಕೈ ನೆಟ್ಟಗಿರುತ್ತೆ. ಈ ಬೀಸು ಮಾತ್ರ ಅಪ್ಪಟ ಬೇಸ್‌ಬಾಲು. ಅಮೆರಿಕದಲ್ಲಿ ಈ ವಯಸ್ಸಿನ ಪಿಚರ್‌ಗೆ ದಿನಕ್ಕೆ 95 ಎಸೆತವೇ ಮಿತಿ, 66 ಮುಟ್ಟಿದ್ರೆ ನಾಲ್ಕು ದಿನ ರಜ.

“ನಾವು ದೋಟಿ ಹಿಡಿದು ದಿನಗಟ್ಟಲೆ ಅಡಿಕೆ ಇಳಿಸಿಲ್ವಾ? ನಮಗೇನಾಯ್ತು?”

ದೋಟಿ ಎಳೆಯೋದು ನಿಧಾನದ ಕೆಲಸ ಗೌಡ್ರೇ. ಎಸೆತದಲ್ಲಿ ಚೆಂಡು ಬಿಟ್ಟ ಮೇಲೂ ಕೈ ಹಾರ್ತಿರುತ್ತೆ. ಅದಕ್ಕೆ ಬ್ರೇಕ್ ಹಾಕೋದು ಹೆಗಲ ಹಿಂದಿನ ಪುಟ್ಟ ಸ್ನಾಯುಗಳು. ಹುಡುಗರು ದಂಡ ಹೊಡೆದು ಎದೆ, ತೋಳು ಬೆಳೆಸ್ತಾರೆ, ಬೆನ್ನ ಕಡೆ ತಿರುಗಿ ನೋಡಲ್ಲ. ಎಸೆದೂ ಎಸೆದೂ ಆ ಕೈ ಹಿಂದಕ್ಕೆ ಜಾಸ್ತಿ ತಿರುಗುತ್ತೆ, ಒಳಕ್ಕೆ ಕಡಿಮೆ. ಬೆಳೆಯೋ ಮೂಳೆಯೇ ಒಂಚೂರು ಹಾಗೆ ಹೊಂದ್ಕೊಳ್ಳೋದ್ರಿಂದ ಸ್ವಲ್ಪ ವ್ಯತ್ಯಾಸ ಸಹಜ. ಅಂಗಾತ ಮಲಗಿಸಿ, ತೋಳು ಪಕ್ಕಕ್ಕೆ ಚಾಚಿ, ಮೊಣಕೈ ಮಡಿಸಿ, ಅಂಗೈ ಕಾಲಿನ ಕಡೆಗೆ ಇಳಿಸಿ ನೋಡಿ. ಇನ್ನೊಂದು ಕೈಗಿಂತ ತೀರಾ ಮುಂಚೆ ಸಿಕ್ಕಿಕೊಂಡ್ರೆ ಹಿಂಭಾಗ ಬಿಗಿದಿದೆ ಅಂತ.

“ಎಣ್ಣೆಗೆ ಬಿಡಲ್ವಾ?”

ನೋವಿದ್ರೆ ಎಣ್ಣೆಯ ಮಾತೇ ಬೇಡ. ಈ ವಯಸ್ಸಲ್ಲಿ ತೋಳಿನ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಮೆತ್ತನೆ ಪದರ ಇನ್ನೂ ಕೂಡಿರಲ್ಲ, ಪೆಟ್ಟು ಮೊದಲು ಬೀಳೋದು ಅದಕ್ಕೇ. ಎಸೆಯೋದು ನಿಲ್ಸಿ ಮೂಳೆ ಡಾಕ್ಟರಿಗೆ ತೋರಿಸ್ಬೇಕು. ಬಲಿತ ಮೈಯ ಜಾವಗಲ್ ಶ್ರೀನಾಥ್‌ಗೇ 1997ರಲ್ಲಿ ಹೆಗಲು ಕೈಕೊಟ್ಟು ವೆಸ್ಟ್ ಇಂಡೀಸ್ ಸರಣಿ ತಪ್ಪಿತ್ತು.

ಗೌಡ್ರ ಫೋನ್ ಕೂಗಿತು. ಮಾತಾಡಿ ಮುಖ ಅರಳಿಸಿದರು. “ಫೈನಲ್ ಗೆದ್ರಂತೆ! ಟಗರು ಬಹುಮಾನ. ಹೆಗಲ ಮೇಲೆ ಹೊತ್ಕೊಂಡು ಮೆರವಣಿಗೆಲಿ ಬರ್ತಾನಂತೆ.”

“ಯಾವ ಹೆಗಲು, ಕೇಳಿ.”