ಎತ್ತಿನ ಮಾನ

ತರೀಕೆರೆ ಕೋರ್ಟಿನೆದುರು, ಅರ್ಧ ಟೀ ಹೊತ್ತು.

"ವಕೀಲ್ರೇ, ನನ್ನ ಅಮೃತಮಹಲ್ ತಳಿ ಎತ್ತನ್ನ ಅಜ್ಜಂಪುರದಲ್ಲಿ ಒಬ್ಬ ನಾಲ್ಕು ಜನರೆದುರು ಬೆರಕೆ ಅಂದ. ಮಾನನಷ್ಟ ಹಾಕಿ."

"ಎತ್ತಿಗೆ ಮಾನನಷ್ಟ ಇಲ್ಲ ಗೌಡ್ರೇ. ನಿಮ್ಮನ್ನ ಮೋಸಗಾರ ಅಂದ್ನಾ?"

"ಅದನ್ನೂ ಅಂದ."

"ಬದುಕಿದೆವು! ಈಗ ಎತ್ತು ಶುದ್ಧ ಅನ್ನೋಕೆ ತಜ್ಞರು ಬೇಕು. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39."

"ತಜ್ಞ ಯಾಕೆ? ಕೊಂಬು ನೋಡಿ, ಹಿಂದಕ್ಕೆ ಬಾಗಿ ತುದಿ ಸೂಜಿ!"

"ನಿಮ್ಮ ಕಣ್ಣಿಗೆ ಡಿಗ್ರಿ ಇಲ್ಲ."

"ಕಡೂರಿಂದ ನಿವೃತ್ತ ಪಶುವೈದ್ಯರನ್ನ ಕರೆಸ್ತೀನಿ. ಶುದ್ಧ ಅಂತಾರೆ."

"ಎದುರಾಳಿ ಕಡೆಯ ವೈದ್ಯರು ಬೆರಕೆ ಅಂತಾರೆ."

"ಇಬ್ರೂ ಓದಿದ್ದು ಒಂದೇ ಪುಸ್ತಕ ಅಲ್ವಾ?"

"ಪುಸ್ತಕ ಒಂದೇ, ಫೀಸು ಕೊಡೋರು ಬೇರೆ."

"ಜಡ್ಜ್ ಸಾಹೇಬ್ರು ಯಾರನ್ನ ನಂಬ್ತಾರೆ?"

"ನಂಬಲೇಬೇಕಂತಿಲ್ಲ. ತಜ್ಞರದ್ದು ಬರೀ ಅಭಿಪ್ರಾಯ."

"ತೀರ್ಪಿನ ಹೊತ್ತಿಗೆ ಎತ್ತು ಇರುತ್ತಾ?"

"ಫೋಟೊ ತೆಗೆಸಿಡಿ. ಎರಡೂ ಕೊಂಬು ಕಾಣೋ ಹಾಗೆ."