ಒಂದೂ ನಲವತ್ತರ ಹೃದಯವಂತರು

ಸಾಂತಾಕ್ರೂಜ್ ಪೂರ್ವದಲ್ಲಿ ನಿದ್ದೆಗೆಡಿಸುವ ಸಾಮಗ್ರಿಗೆ ಬರವಿಲ್ಲ. ತಲೆಯ ಮೇಲೆ ವಿಮಾನ, ಮಗ್ಗುಲಿಗೆ ಹೈವೇ, ಹಾರ್ನ್ ಒತ್ತಿದರೇನೇ ಚಕ್ರ ಉರುಳುತ್ತದೆಂದು ನಂಬಿರುವ ವಾಕೋಲಾದ ರಿಕ್ಷಾಗಳು, ಇವು ಸಾಲದೆಂದು ನಾಲೆಯ ಸೊಳ್ಳೆ. ಇವೆಲ್ಲಕ್ಕೂ ನಾನು ಒಗ್ಗಿಹೋಗಿದ್ದೇನೆ. ಒಗ್ಗದೆ ಉಳಿದದ್ದು ಒಂದೇ: ರಾತ್ರಿ ಒಂದೂ ನಲವತ್ತಕ್ಕೆ ನಮ್ಮ ಮನೆಯ ಕರೆಗಂಟೆ.

ಅದು ಪೂರ್ತಿ ಗಂಟೆಯೂ ಅಲ್ಲ. ಟ್ರಿಂಗ್ ಎನ್ನುವುದರಲ್ಲಿ 'ಟ್ರಿಂ' ವರೆಗೆ ಒತ್ತಿ, ಪಕ್ಕದವರಿಗೆ ತೊಂದರೆಯಾದೀತೆಂದು ಬೆರಳು ತೆಗೆಯುವ ಸಂಕೋಚದ ಗಂಟೆ. ಬಾಗಿಲು ತೆಗೆದರೆ ಎದುರುಮನೆಯ ರಾಯರು. ಬನಿಯನ್ನು, ಪಂಚೆ, ಎಡ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದ ಭಂಗಿ. ಕಳ್ಳನನ್ನು ಹಿಡಿದು ಠಾಣೆಗೆ ತಂದವರ ಹಾಗೆ.

"ಒಂಚೂರು ನೋಡಿ ಮಾರಾಯ್ರೇ. ನಡುವಲ್ಲಿ ಒಂದು ತಪ್ಪುತ್ತಾ ಉಂಟು."

ನಾನು ನಾಡಿ ಹಿಡಿಯುತ್ತೇನೆ. ನಾನು ಡಾಕ್ಟರಲ್ಲ, ಅನುವಾದಕ. ಆದರೂ ಹಿಡಿಯುತ್ತೇನೆ. "ಉಂಟಾ?" ಎನ್ನುತ್ತಾರೆ. "ಉಂಟು" ಎನ್ನುತ್ತೇನೆ. "ಸರಿಯಾಗಿ ಉಂಟಾ?"

ಈ ಜಾತಿಯವರು ಪ್ರತಿ ಬಿಲ್ಡಿಂಗಿನಲ್ಲೂ ಒಬ್ಬರಾದರೂ ಇರುತ್ತಾರೆ. ಕೆಲವರದು ಗ್ಯಾಸ್ ಪಂಥ: ಎದೆಯೊಳಗೆ ಏನೇ ಆದರೂ ಜೀರಿಗೆ ಕಷಾಯ. ಕೆಲವರು ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಇನ್ನೂ ಬೆರಳಿನಿಂದ ಬಿಚ್ಚಿಲ್ಲ. ಹೊಸ ತಲೆಮಾರಿನವರಿಗೆ ಕೈಗಡಿಯಾರವೇ ಬೆಳಗ್ಗೆ ಎಬ್ಬಿಸಿ, ನೀವು ರಾತ್ರಿ ಸರಿಯಾಗಿ ಮಲಗಿಲ್ಲ ಎಂದು ಛೀಮಾರಿ ಹಾಕುತ್ತದೆ. ನಮ್ಮ ರಾಯರು ಹಳೆಯ ಶಾಲೆಯವರು. ಎರಡು ಬೆರಳು, ಒಂದು ಸೆಕೆಂಡಿನ ಮುಳ್ಳು, ಒಂದು ಲೆಡ್ಜರು.

ಲೆಡ್ಜರ್ ಎಂದದ್ದು ಅಲಂಕಾರಕ್ಕಲ್ಲ. ರಾಯರು ವಿಜಯಾ ಬ್ಯಾಂಕಿನಲ್ಲಿದ್ದು 2008ರಲ್ಲಿ ನಿವೃತ್ತರಾದವರು. ಉದ್ದದ ರಟ್ಟಿನ ಪುಸ್ತಕದಲ್ಲಿ ಕೆಂಪು ಗೀಟೆಳೆದು ತಾರೀಕು, ಸಮಯ, ನಾಡಿ, ಲಕ್ಷಣ, ಷರಾ ಎಂದು ಐದು ಅಂಕಣ ಮಾಡಿದ್ದಾರೆ. ಮಲಗುವಾಗಿನದು ಓಪನಿಂಗ್ ಬ್ಯಾಲೆನ್ಸ್, ಏಳುವಾಗಿನದು ಕ್ಲೋಸಿಂಗ್. ಎರಡಕ್ಕೂ ತಾಳೆಯಾಗದಿದ್ದರೆ ಅವರಿಗೆ ನಿದ್ದೆ ಇಲ್ಲ. ಅವರಿಗಿಲ್ಲದಿದ್ದರೆ ನನಗೂ ಇಲ್ಲ. 2019ರ ಏಪ್ರಿಲ್ 1ರಂದು ಅವರ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ನಾಡಿ ಒಂದು ವಾರ 96ರಿಂದ ಇಳಿಯಲಿಲ್ಲ. "ನೀವು ಬಿಟ್ಟು ಹನ್ನೊಂದು ವರ್ಷ ಆಯಿತಲ್ಲ" ಎಂದೆ. "ನಾನು ಬಿಟ್ಟೆ. ಇದು ಬಿಡಬೇಕಲ್ಲ" ಎಂದು ಎದೆ ತೋರಿಸಿದರು.

ತಮಾಷೆಯೆಂದರೆ ಇದೇ ಎದೆ ಹಗಲು ಹೊತ್ತಿನಲ್ಲಿ ಎಮ್ಮೆಯ ಹಾಗೆ ದುಡಿಯುತ್ತದೆ. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ಎರಡು ಚೀಲ ತರಕಾರಿ ಹೊತ್ತು ಬರುತ್ತಾರೆ, ಲಿಫ್ಟಿಲ್ಲದ ಮೂರು ಮಹಡಿ ಏರುತ್ತಾರೆ, ಸೊಸೈಟಿ ಮೀಟಿಂಗಿನಲ್ಲಿ ನೀರಿನ ಬಿಲ್ಲಿನ ಮೇಲೆ ಮುಕ್ಕಾಲು ಗಂಟೆ ಕೂಗಾಡುತ್ತಾರೆ. ಒಂದು ಬಡಿತ ತಪ್ಪಿದ್ದನ್ನು ಕಂಡವರಿಲ್ಲ. ಕೊನೆಯ ಲೋಕಲ್ ಹೋಗಿ ಊರು ಕೊಂಚ ಬಾಯಿ ಮುಚ್ಚಿತೋ, ಒಳಗಿನ ಸದ್ದು ಶುರು. ಕಿವಿ ದಿಂಬಿಗೆ ತಾಗಿದರೆ ಡವಡವ. ಎಡಮಗ್ಗುಲಾದರೆ ಹೃದಯ ಪಕ್ಕೆಲುಬಿನ ಕಡೆಗೇ ವಾಲುವುದರಿಂದ ಇನ್ನೂ ಜೋರು. ಡವಡವ ಕೇಳಿ ಗಾಬರಿ, ಗಾಬರಿಗೆ ಅಡ್ರಿನಲಿನ್, ಅಡ್ರಿನಲಿನ್ನಿಗೆ ಮತ್ತಷ್ಟು ಡವಡವ. ಉಸಿರು ಸಾಲದೆಂದು ಎಳೆದೆಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳ ತುದಿ, ತುಟಿ ಜುಮುಜುಮು. ಅಷ್ಟರಲ್ಲಿ ತಲೆಯಡಿ ಇಟ್ಟುಕೊಂಡಿದ್ದ ಎಡಗೈ ಜೋಮು ಹಿಡಿದಿರುತ್ತದೆ. ಎಡಗೈ! ಇನ್ನೇನು ಬೇಕು? ಒಂದಿಷ್ಟು ಜೊಂಪು ಹತ್ತಿತು ಎನ್ನುವಾಗ ಮೆಟ್ಟಿಲು ತಪ್ಪಿದಂತೆ ಮೈಯೆಲ್ಲ ಒಮ್ಮೆ ಕುಲುಕಿ ಎಚ್ಚರ. ಅದು ನಿದ್ದೆಗೆ ಜಾರುವಾಗ ಎಲ್ಲರಿಗೂ ಆಗುವಂಥದ್ದೇ. ಆದರೆ ಲೆಡ್ಜರ್ ಪ್ರಕಾರ ಅದು 'ಗಂಭೀರ'.

ಒಮ್ಮೆ ಸಮಾಧಾನಕ್ಕೆಂದು ನನ್ನ ಪಾಂಡಿತ್ಯ ಬಿಚ್ಚಿದೆ. ಅಮೆರಿಕದ ಅಂತರ್ಯುದ್ಧದ ಸೈನಿಕರಿಗೂ ಹೀಗೇ ಎದೆ ಹೊಡೆದುಕೊಳ್ಳುತ್ತಿತ್ತು; ಫಿಲಡೆಲ್ಫಿಯಾದ ಡಾಕ್ಟರ್ ಡಾ ಕೋಸ್ಟಾ 1871ರಲ್ಲಿ ಅದರ ಬಗ್ಗೆ ಬರೆದು 'ಸಿಡುಕಿನ ಹೃದಯ' ಎಂಬರ್ಥದ ಹೆಸರು ಕೊಟ್ಟ, ಎಂದೆಲ್ಲ ವಿವರಿಸಿದೆ. ರಾಯರು ಗಮನವಿಟ್ಟು ಕೇಳಿ, "ಡಾ ಕೋಸ್ಟಾ ಅಂದರೆ ಕಲೀನಾ ಚರ್ಚಿನ ಹತ್ತಿರ ಕೂತುಕೊಳ್ಳುವವರಾ? ಸಂಜೆ ಎಷ್ಟು ಗಂಟೆಗೆ ಬರುತ್ತಾರೆ?" ಎಂದರು.

ಇನ್ನು ಆಸ್ಪತ್ರೆಯ ರಾತ್ರಿ. ಅದನ್ನು ಹೇಳದೆ ನನಗೆ ಗತಿಯಿಲ್ಲ.

ಅಂದು ತಪ್ಪಿದ್ದು ಒಂದಲ್ಲ, ಸಾಲಾಗಿ ಮೂರು ಬಡಿತ. "ಇವತ್ತು ಹೌದು" ಎಂದರು ರಾಯರು, ಒಂದು ಬಗೆಯ ತೃಪ್ತಿಯಿಂದ. ನಾನು ಹೆದರಿ ರಿಕ್ಷಾ ಹಿಡಿದೆ. ದಾರಿಯುದ್ದಕ್ಕೂ ಅವರು, ಲಾಕರಿನ ಕೀಲಿ ಎಲ್ಲಿದೆ, ನಾಮಿನಿ ಯಾರು, ಹಾಲಿನವನಿಗೆ ಎಷ್ಟು ಬಾಕಿ ಎಂದು ಒಪ್ಪಿಸುತ್ತ ಬಂದರು. ನಾನು ಹೂಂಗುಟ್ಟುತ್ತ ಬೆವತೆ. ಆಸ್ಪತ್ರೆಯಲ್ಲಿ ಮಗುವಿನ ಮುಖದ ಒಬ್ಬ ಡಾಕ್ಟರು ಇಸಿಜಿ ತೆಗೆದು, ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದೆ ಎಂದರು. ಆಗೊಮ್ಮೆ ಈಗೊಮ್ಮೆ ಒಂದು ಬಡಿತ ಮುಂಚೆ ಬಂದು, ಮುಂದಿನದು ತಡವಾಗಿ ಜೋರಾಗಿ ಬಡಿಯುವುದು ಆರೋಗ್ಯವಂತರಲ್ಲೂ ಉಂಟು. ನಮಗೆ ಅದು ತಪ್ಪಿದಂತೆ ತೋರುತ್ತದೆ. ರಾಯರ ಬಿಪಿ 124/80. ಡಾಕ್ಟರು ತಲೆಯೆತ್ತಿ ನನ್ನ ಮುಖ ನೋಡಿ, "ಅಂಕಲ್, ನೀವೂ ಕೈ ಕೊಡಿ" ಎಂದರು. 168/104.

ನನ್ನನ್ನು ಮಲಗಿಸಿದರು. ರಾಯರು ಪಕ್ಕದ ಸ್ಟೂಲಿನಲ್ಲಿ ಕೂತು, ವಾರ್ಡ್‌ಬಾಯ್ ತಂದ ಚಹಾ ಕುಡಿದು, ಮಂಚದ ಸರಳಿಗೆ ತಲೆಯಿಟ್ಟು ಬೆಳಗಿನ ತನಕ ಗೊರಕೆ ಹೊಡೆದರು. ಮರುದಿನ ಬಿಲ್ಡಿಂಗಿನಲ್ಲಿ ಸುದ್ದಿ: ಬಿ-7ರವರಿಗೆ ರಾತ್ರಿ ಹೆಚ್ಚುಕಡಿಮೆಯಾಯಿತಂತೆ, ರಾಯರು ಇದ್ದದ್ದಕ್ಕೆ ಉಳಿದರಂತೆ. ಅಲ್ಲಿಂದ ಇವತ್ತಿನವರೆಗೆ ಬಿಪಿ ಮಾತ್ರೆ ನುಂಗುತ್ತಿರುವವನು ನಾನು.

ಆಮೇಲೆ ಅವರನ್ನು ನೋಡಿದ ದೊಡ್ಡ ಡಾಕ್ಟರು ಒಳ್ಳೆಯ ಮಾತನ್ನೇ ಹೇಳಿದರು. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಗಡಿಯಾರವನ್ನು ಗೋಡೆಗೆ ತಿರುಗಿಸಿ. ನಾಡಿ ಎಣಿಸಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಬೇರೆ ಕೋಣೆಗೆ ಹೋಗಿ ಕೂತುಕೊಳ್ಳಿ; ತೂಕಡಿಕೆ ಬಂದಾಗ ಮರಳಿ. ಮೊದಲಿನ ಮೂರನ್ನು ರಾಯರು ಕೈಬಿಟ್ಟರು. ನಾಲ್ಕನೆಯದನ್ನು ಶಿರಸಾ ವಹಿಸಿದರು. ಅವರದು ಒಂದೇ ಕೋಣೆ ಮತ್ತು ಅಡುಗೆಮನೆ. ಬೇರೆ ಕೋಣೆ ಎಂದರೆ ನಮ್ಮ ಹಾಲು.

ನನ್ನ ಬೆತ್ತದ ಕುರ್ಚಿಯಲ್ಲಿ ಕೂತ ಹತ್ತು ನಿಮಿಷಕ್ಕೆ ಅವರಿಗೆ ನಿದ್ದೆ. ಎಬ್ಬಿಸುವುದೋ ಬಿಡುವುದೋ ಎಂದು ಎದುರಿಗೆ ಕೂತವನು ನಾನು.

ಹೋದ ವರ್ಷ ರಾಯರು ಕಣ್ಣಿನ ಪೊರೆ ತೆಗೆಸಿಕೊಂಡರು. ಒಂದು ವಾರ ಬರೆಯಬಾರದು. ಲೆಡ್ಜರ್ ನನ್ನ ಕೈಗೆ ಬಂತು. "ಇವತ್ತಿನದು ನೀವೇ ಹಾಕಿ. ಅಕ್ಷರ ಒಂದು ಚೆಂದ ಇರಲಿ" ಎಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. 78 ಎಂದು ಬರೆದೆ. ಮೊದಲ ಸಂಪುಟವನ್ನೂ ಮಾದರಿಗೆಂದು ತಂದಿದ್ದರು. ಮಾಡಲು ಬೇರೇನೂ ಇಲ್ಲದೆ ಪುಟ ತಿರುಗಿಸಿದೆ.

2005ರ ಜುಲೈ 26. ಆ ದಿನ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಇಪ್ಪತ್ತನಾಲ್ಕು ಗಂಟೆಗೆ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ನಾನು ಫೋರ್ಟಿನ ಕಚೇರಿಯಲ್ಲಿ ಕೂತು, ಈ ಮಳೆಗೆ ರೈಲು ನಿಲ್ಲಿಸುವುದೇ ಎಂದು ರೈಲ್ವೆಯನ್ನು ಬೈಯುತ್ತಿದ್ದೆ. ಇಲ್ಲಿ ವಿಮಾನ ನಿಲ್ದಾಣವೇ ಮುಚ್ಚಿ, ತಲೆಯ ಮೇಲೆ ಒಂದೂ ಸದ್ದಿಲ್ಲದ ರಾತ್ರಿ. ಎದೆ ಬಡಿತ ಕೇಳಿಸಿಕೊಳ್ಳಲು ಅದಕ್ಕಿಂತ ಪ್ರಶಸ್ತ ರಾತ್ರಿ ರಾಯರಿಗೆ ಸಿಕ್ಕಿರಲಾರದು. ನಾಡಿಯ ಅಂಕಣದಲ್ಲಿ ಅಡ್ಡಗೆರೆ. ಷರಾ: "ಮಳೆ. ನೋಡಲು ಆಗಲಿಲ್ಲ. ಕೆಳಗಿನ ಮನೆಯವರು, ಹೈವೇಯಿಂದ ಬಂದವರು ಸೇರಿ 23 ಜನ. ಗಂಜಿ ಎರಡು ಸಲ. ಅಕ್ಕಿ ಮುಗಿಯಿತು."

ಮುಂದಿನ ವರ್ಷಗಳ ಷರಾದಲ್ಲೆಲ್ಲ ಒಂದೇ ಮಾತು: "ಇವಳು ಕೈಯಿಟ್ಟು ನೋಡಿ ಉಂಟು ಎಂದಳು." ಪುಟಗಟ್ಟಲೆ ಅದೇ. ನಡುನಡುವೆ, "ಉಂಟು ಉಂಟು, ಮಲಗಿ ಎಂದು ಬೈದಳು." ಹೆಂಡತಿ ತೀರಿಕೊಂಡ 2011ರ ಮಾರ್ಚಿನಲ್ಲಿ ಮೂರು ಪುಟ ಖಾಲಿ. ನಮ್ಮ ಕರೆಗಂಟೆ ಶುರುವಾದದ್ದು ಆ ವರ್ಷದ ಮಳೆಗಾಲದಲ್ಲಿ ಎಂದು ನನಗೆ ಹೊಳೆದದ್ದು ಆಗಲೇ. ಇಷ್ಟು ವರ್ಷ ಲೆಕ್ಕ ಹಾಕಿರಲಿಲ್ಲ.

ಈಗಿನ ಸಂಪುಟದಲ್ಲಿ ನಾನು ಬರುತ್ತೇನೆಂದು ಗೊತ್ತಿತ್ತು. ಉಪಕಾರದ ಒಂದು ಸಾಲಾದರೂ ಇದ್ದೀತೆಂದು ಆಸೆಯಿಂದಲೇ ತೆಗೆದೆ. ಷರಾ ಹೀಗಿತ್ತು: "ಬಿ-7ರಲ್ಲಿ ಇವತ್ತೂ ದೀಪ. ಒಬ್ಬರೇ, ಪಾಪ, ನಿದ್ದೆ ಇಲ್ಲ. ಹೋಗಿ ಮಾತಾಡಿಸಿದೆ. ನಾಡಿ ಹಿಡಿದಾಗ ನೋಡಿದೆ, ಅವರ ಕೈ ತಣ್ಣಗಿತ್ತು." ಮರುದಿನ: "ಬಿ-7 ದೀಪ. ಹೋದೆ." ಅದರ ಮರುದಿನ: "ದೀಪ ಇಲ್ಲ. ಹೋಗಲಿಲ್ಲ. ನನಗೆ 92."

ರಾಯರು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು, ಕಣ್ಣಿಗೆ ಹಸಿರು ಪಟ್ಟಿ. ಪುಸ್ತಕ ಮುಚ್ಚಿ ಅವರ ಮಡಿಲಲ್ಲಿಟ್ಟೆ.

ಮರುದಿನ ಅನುವಾದ ಬದಿಗಿಟ್ಟು ಹನ್ನೊಂದಕ್ಕೇ ದೀಪ ಆರಿಸಿದೆ. ಹಟ, ಬೇರೇನಲ್ಲ. ಒಂದೂ ನಲವತ್ತಾಯಿತು, ಗಂಟೆ ಇಲ್ಲ. ಒಂದು ವಿಮಾನ ಇಳಿಯಿತು. ಇನ್ನೊಂದು ಇಳಿಯಿತು. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ. ದಿಂಬಿನೊಳಗೆ ಏನೋ ಬಡಿಯುತ್ತಿತ್ತು.

ಎರಡಕ್ಕೆ ಎದ್ದು ಹಾಲಿನ ದೀಪ ಹಾಕಿದೆ.