ಕೋಲಾರದ ಲಾರಿಗೂ ಮುಂಚೆ

ಇಂದಿರಾನಗರದ ನಮ್ಮ ಬೀದಿಯಲ್ಲಿ ಈಗ ಯಾರ ಮಗ ಯಾವ ಕಂಪನಿಯಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ‘ನಿಮ್ಮಲ್ಲಿ ಕಾಯಿ ಕಚ್ಚಿತಾ?’ ಎನ್ನುತ್ತಾರೆ. ಟೊಮೆಟೊ ವಿಚಾರ ಸ್ವಾಮಿ. ತಾರಸಿಯಲ್ಲಿ ಮೊದಲ ಹಣ್ಣು ಯಾರದು ಎಂಬುದೇ ಇಲ್ಲಿಯ ಪೈಪೋಟಿ.

ಮುಂಚೂಣಿಯಲ್ಲಿರುವವರು ನಿವೃತ್ತ ಕರ್ನಲ್ ಸಾಹೇಬರು. ಅಮೆರಿಕದ ಮಗಳು ಚಾಕಲೇಟಿನ ಜೊತೆ ‘ಅರ್ಲಿ ಗರ್ಲ್’ ಬೀಜದ ಪೊಟ್ಟಣ ತಂದುಕೊಟ್ಟಿದ್ದಾಳೆ. ಸಸಿ ನೆಟ್ಟ 50-60 ದಿನಕ್ಕೇ ಹಣ್ಣು ಬಿಡುವ ತಳಿ. ಆ ಕಡೆಯವರ ಅವಸರಕ್ಕೆ ಅರ್ಥವಿದೆ. ಹಿಮ ಕರಗಿದ ಮೇಲೆ ನೆಟ್ಟು, ಮತ್ತೆ ಹಿಮ ಬೀಳುವುದರೊಳಗೆ ಕಿತ್ತುಕೊಳ್ಳಬೇಕು. ನಮಗೇನು ಧಾಡಿ? ಹಲಸೂರು ಕೆರೆ ಎಂದಾದರೂ ಹೆಪ್ಪುಗಟ್ಟಿದ್ದುಂಟೇ?

ಇಲ್ಲಿ ಅಂಜಬೇಕಾದದ್ದು ಬಿಸಿಲಿಗೆ. ಹಗಲು 35 ಡಿಗ್ರಿ ಹತ್ತಿರ ಹೋಗಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ಬೇಸಿಗೆಯಲ್ಲಿ ಬಿಳಿ ನೊಣದ ಕಾಟ ಬೇರೆ. ಅದು ಹೊತ್ತು ತರುವ ಎಲೆ ಮುರುಟು ರೋಗದ ಒಂದು ವೈರಸ್ಸಿಗೆ ವಿಜ್ಞಾನಿಗಳು ನಮ್ಮೂರಿನ ಹೆಸರನ್ನೇ ಇಟ್ಟಿದ್ದಾರೆ. 2014ರಲ್ಲಿ ಊರು ಅಧಿಕೃತವಾಗಿ ‘ಬೆಂಗಳೂರು’ ಆಯಿತು. ವೈರಸ್ಸು ಮಾತ್ರ ಕಂಟೋನ್ಮೆಂಟಿನ ಹಳಬರ ಹಾಗೆ ‘ಬ್ಯಾಂಗಲೋರ್’ ಬಿಟ್ಟುಕೊಡಲಿಲ್ಲ.

ಹಾಗಾಗಿ ಅನುಭವಸ್ಥರು ಮಳೆಗಾಲದ ಕೊನೆಗೆ ಬಿತ್ತಿ, ಚಳಿಗಾಲಕ್ಕೆ ಕೀಳುತ್ತಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಂದರೆ ಎಲೆ ಮುರುಟು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಇದನ್ನು ಕರ್ನಲ್ಲರಿಗೆ ಹೇಳಿದೆ. ‘ಹೆಸರಘಟ್ಟಾ?’ ಎಂದು ಮುಖ ಸಿಂಡರಿಸಿದರು. ವೀಸಾ ಇಲ್ಲದ ಬೀಜವೂ ಒಂದು ಬೀಜವೇ!

ಈಗ ಅವರ ಬೆಳಗಿನ ಡ್ರಿಲ್ ನೋಡಬೇಕು. ಟೊಮೆಟೊ ಹೂವಿನ ಪರಾಗ ಕಿರುಕೊಳವೆಯೊಳಗೆ ಅಡಗಿ ಕೂತಿರುತ್ತದೆ, ನಡುಗಿಸಿದರೆ ಉದುರುತ್ತದೆ. ಜೇನುನೊಣಕ್ಕೆ ಆ ವಿದ್ಯೆ ಬರುವುದಿಲ್ಲ. ನೀಲಿಪಟ್ಟೆಯ ದುಂಬಿಯಂಥ ಕೆಲವಕ್ಕೆ ಮಾತ್ರ ಕರಗತ. ಅವು ಬರಲಿಲ್ಲವೆಂದು ಕರ್ನಲ್ಲರೇ ಬ್ಯಾಟರಿ ಟೂತ್‌ಬ್ರಷ್ ಹಿಡಿದು, ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದು ಗೊಂಚಲಿನ ತೊಟ್ಟಿಗೂ ‘ಗುಂಯ್’ ಅನ್ನಿಸುತ್ತಾರೆ. ಹಳದಿ ಪುಡಿ ಹೆಬ್ಬೆರಳ ಉಗುರಿನ ಮೇಲೆ ಉದುರಿದರೆ ಮೀಸೆಯಡಿ ನಗು.

‘ರೀ, ಅದು ಹಲ್ಲಿಗೋ ಗಿಡಕ್ಕೋ, ಒಂದು ತೀರ್ಮಾನ ಮಾಡಿ’ ಎಂದು ಮೆಟ್ಟಿಲ ಕೆಳಗಿಂದ ಅವರ ಮನೆಯವರು.

ಈ ಹುಚ್ಚು ಏರಿದ್ದು 2023ರ ಜುಲೈಯಲ್ಲಿ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದಾಗ ಬೀದಿಗೆ ಬೀದಿಯೇ ಕೋಕೋಪೀಟ್ ಚೀಲ ಹೊತ್ತು ತಾರಸಿ ಹತ್ತಿತು. ಚೀಲ, ಗೊಬ್ಬರ, ಬೇವಿನೆಣ್ಣೆಯ ಲೆಕ್ಕ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಗಿಡಗಳು ಹಣ್ಣು ಬಿಡುವ ಸೆಪ್ಟೆಂಬರಿಗೆ ಬೆಲೆ ಪಾತಾಳ ಕಂಡು, ರೈತರು ರಸ್ತೆಬದಿಗೆ ಸುರಿದರು. ಪಾಪ, ಅವರ ಸಂಕಟದ ಮುಂದೆ ನಮ್ಮದೇನು! ನಮ್ಮ ಕಷ್ಟ ಇಷ್ಟೇ: ಕೋಲಾರದ ಲಾರಿ ಕೆ.ಆರ್. ಪುರದ ಸೇತುವೆ ದಾಟಿ, ಹಳೇ ಮದ್ರಾಸು ರಸ್ತೆಯಲ್ಲಿ ನಮ್ಮ ಮೂಗಿನ ಕೆಳಗೇ ಹೋಗುತ್ತದೆ. ಅದಕ್ಕಿಂತ ಮುಂಚೆ ಹಣ್ಣು ಕೊಡುವ ತಳಿಯನ್ನು ಯಾವ ದೇಶದವರು ಕಂಡುಹಿಡಿದಾರು?

ಅಂತೂ ಮೊನ್ನೆ ಕರ್ನಲ್ಲರ ಮೊದಲ ಕಾಯಿಯ ಬುಡ ನಸುಗೆಂಪಾಯಿತು. ‘ಈಗಲೇ ಕಿತ್ತುಬಿಡಿ ಸಾರ್, ಒಳಗಿಟ್ಟರೂ ಹಣ್ಣಾಗುತ್ತೆ, ಇಲ್ಲದಿದ್ದರೆ ಅಳಿಲು ಬಿಡಲ್ಲ’ ಎಂದೆ. ಉಹುಂ. ಗಿಡದಲ್ಲೇ ಕೆಂಪಾಗಬೇಕು, ಎದುರುಮನೆಯವರು ನೋಡಬೇಕು. ಚೀಲ ಕಟ್ಟಿದರೆ ಅವರಿಗೆ ಕಾಣುವುದಿಲ್ಲ, ಕಟ್ಟದಿದ್ದರೆ ಅಳಿಲಿಗೆ ಕಾಣುತ್ತದೆ. ಕಡೆಗೆ ಹಳೇ ಸೊಳ್ಳೆಪರದೆ ಕತ್ತರಿಸಿ ಸುತ್ತಿ, ಪಕ್ಕದಲ್ಲಿ ಕುರ್ಚಿ ಹಾಕಿ ಕಾವಲು ಕೂತಿದ್ದಾರೆ.

‘ಅದು ಹಣ್ಣಾದಾಗ ಆಗಲಿ, ಇವತ್ತಿನ ಸಾರಿಗೆ ರಸೆಲ್ ಮಾರ್ಕೆಟ್ಟಿಂದ ಅರ್ಧ ಕೆಜಿ ನಾಟಿ ತನ್ನಿ’ ಎಂದು ಕೆಳಗಿಂದ ಕೂಗು ಬಂತು. ‘ಕೈಚೀಲ ತಗೊಂಡ್ಹೋಗಿ ರೀ, ಟೂತ್‌ಬ್ರಷ್ ಬೇಡ!’